ಕುರಿಗಣ್ಣಿನ ಮಣಿ

ಎರಡನೆಯ ತಲೆಯ ಕಣ್ಣು ತೆಗೆಯುವುದು ಇನ್ನೂ ಬಾಕಿ ಇತ್ತು. ಬೈರಮ್ಮ ಹಿತ್ತಿಲ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಕುರಿಯ ತಲೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಚೂರಿಯ ತುದಿಯನ್ನು ಕಣ್ಣುಗೂಡಿನ ಸುತ್ತ ಆಡಿಸುತ್ತಿದ್ದಳು. ತಲೆಯನ್ನು ಉರಿಗೆ ಹಿಡಿದು ಕೂದಲು ಸುಡುವ ಮುಂಚೆ ಕಣ್ಣು ತೆಗೆದಿಡುವುದು ಅವರ ಮನೆಯ ರೂಢಿ. ಇಲ್ಲದಿದ್ದರೆ ಬೆಂಕಿಯಲ್ಲಿ ಪಟ್ಟೆಂದು ಸಿಡಿದು ಮುಖಕ್ಕೇ ಹಾರುತ್ತವೆ. ಅವತ್ತು ಮನೆದೇವರಿಗೆಂದು ಎರಡು ಕುರಿ ಕೊಯ್ದಿದ್ದರು. ಮೊದಲ ತಲೆಯ ಕಣ್ಣುಗಳು ಆಗಲೇ ಒಳಗೆ ಒಲೆಯ ಮೇಲಿನ ಗಡಿಗೆಯಲ್ಲಿ ಕುದಿಯುತ್ತಿದ್ದವು.

"ಅತ್ತೆಮ್ಮಾ, ಇತ್ಲಾಗೆ ಕೊಡಿ. ಬೆಳ್ಳು ಕುಯ್ಕಂಡ್ಬುಟ್ಟೀರಿ," ಅಂದಳು ಸೊಸೆ ಪುಟ್ಟತಾಯಮ್ಮ.

"ಅರದನಳ್ಳಿ ಅಪ್ಪನ ಮನೇಲಿ ನೀನು ಸೊಪ್ಪು ಸೋಸ್ಕಂಡಿದ್ದೋಳು. ತಲೆ ಕೆಲ್ಸ ನಂಗ್ ಬುಡು. ಇದುಕ್ಕೆ ಕಣ್ಣು ಬ್ಯಾಡ ಕಣವ್ವ, ಕೈ ಸಾಕು."

ಮಾತು ನಿಜವೇ. ಆದರೆ ಆ ಮನೆಯಲ್ಲಿ ಎಲ್ಲ ಕೆಲಸಕ್ಕೂ ಕೈಯೊಂದೇ ಸಾಕಾಗುತ್ತಿರಲಿಲ್ಲ. ಬೈರಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಮೊದಲು ಒಲೆಯ ಹೊಗೆ ಅಡ್ಡ ಬಂದ ಹಾಗೆ ಅನ್ನಿಸುತ್ತಿದ್ದದ್ದು, ಈಗ ಮಜ್ಜಿಗೆ ಕೊಡದೊಳಗೆ ಮುಖವಿಟ್ಟು ಲೋಕ ನೋಡಿದಂತಾಗಿತ್ತು. ಹಗಲು ಇರುಳು ತಿಳಿಯುತ್ತಿತ್ತು. ಬಾಗಿಲು ಯಾವ ಕಡೆ ಅನ್ನುವುದು ತಿಳಿಯುತ್ತಿತ್ತು. ಬಾಗಿಲಲ್ಲಿ ನಿಂತವರು ಮಗನೋ ಗಂಡನೋ ಅನ್ನುವುದು ಅವರು ಕೆಮ್ಮಿದ ಮೇಲೆಯೇ.

ಅದನ್ನೂ ಸಹಿಸಿಕೊಂಡಿರುತ್ತಿದ್ದಳು. ಅವಳನ್ನು ಕೊರೆಯುತ್ತಿದ್ದದ್ದು ಒಂದು ಕಾಗದ. ಅದು ಬಂದ ಕಾಗದವಲ್ಲ, ಬರೆಯಬೇಕಾದ ಕಾಗದ.

ಅವಳ ಅಕ್ಕ ಮರಿಯಮ್ಮನನ್ನು ಕೊಟ್ಟಿದ್ದದ್ದು ಚನ್ನರಾಯಪಟ್ಟಣದ ಸೀಮೆಗೆ, ಜಿನನಾಥಪುರಕ್ಕೆ. ಕೊಣನೂರಿನ ಮಗ್ಗುಲ ಈ ಹಳ್ಳಿಗೂ ಅದಕ್ಕೂ ಬಸ್ಸು ಹತ್ತಿ ಇಳಿದು ಹತ್ತಿ ಇಳಿದು ಸಾಕಾಗಬೇಕು. ಅವಳ ಕಣ್ಣಿಗೂ ಪೊರೆ. ಹೋದ ವರ್ಷದ ಸುಗ್ಗಿಯಲ್ಲಿ ಅವಳ ಮಗ ಬಸವರಾಜು ಬಂದವನು ತಾಯಿಯ ಮಾತನ್ನು ಹಾಗೆಹಾಗೇ ಒಪ್ಪಿಸಿದ್ದ:

"ಚಿಕ್ಕವ್ವಾ, ಅವ್ವ ಯೋಳವಳೆ. ‘ಒಬ್ರು ಪಂಡಿತ್ರ ತಾವು ಓಗು ಅಂತಾರೆ, ಒಬ್ರು ಆಸ್ಪತ್ರೆ ಅಂತಾರೆ. ನಾ ಯಾರ್ನೂ ನಂಬಾಕಿಲ್ಲ. ಬೈರಿ ಮೊದ್ಲು ಮಾಡಿಸ್ಕಳ್ಳಿ. ಕಣ್ಣು ಬಂದ್ರೆ ಅವಳೇ ಕೈಯಾರೆ ಒಂದು ಕಾಗ್ದ ಬರೀಲಿ. ಬ್ಯಾರೆಯವ್ರ ಕೈಲಿ ಬರೆಸಿದ್ರೆ ನಾ ಒಪ್ಪಾಕಿಲ್ಲ. ಕಣ್ಣು ಬಂತು ಅಂತ ಯಾರ್ ಬೇಕಾರೂ ಬರೀಬೌದು.’"

ಬೈರಮ್ಮ ಅಕ್ಷರ ಕಲಿತವಳು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಂಜಯ್ಯ ಮೇಷ್ಟ್ರು ದೊಡ್ಡವರಿಗೆಂದು ಸಂಜೆ ಪಾಠ ಮಾಡಿದಾಗ, ಕಂಬಳಿಗೆ ಉಣ್ಣೆ ನೂಲುತ್ತಲೇ ಹೋಗಿ ಕೂತು, ಅ ಆ ಇ ಈ ಎಲ್ಲವನ್ನೂ ಬಾಚಿಕೊಂಡು ಬಂದಿದ್ದಳು. ಒಡಹುಟ್ಟಿದವರಲ್ಲಿ ಕೈಯಾರೆ ಹೆಸರು ಬರೆಯಬಲ್ಲವಳು ಅವಳೊಬ್ಬಳೇ. ಈಗ ಅಕ್ಷರವಿದ್ದೂ ಕಣ್ಣಿಲ್ಲ. ಅಲ್ಲಿ ಅಕ್ಕ ಕಾಯುತ್ತಿದ್ದಾಳೆ, ದಿನೇ ದಿನೇ ಕತ್ತಲಾಗುತ್ತ. ಕಾಗದ ಹೋಗದೆ ಅವಳು ಏಳುವವಳಲ್ಲ; ಹುಟ್ಟಿದಾಗಿಂದಲೂ ಅಷ್ಟೇ ಹಟ.

ಇನ್ನೊಂದು ಕಣ್ಣೂ ಈಚೆ ಬಂತು. ಬೈರಮ್ಮ ಅದನ್ನು ಮುತ್ತುಗದ ಎಲೆಯ ಮೇಲಿಡುವ ಹೊತ್ತಿಗೆ ಬೀದಿ ಬಾಗಿಲಲ್ಲಿ ಗಂಡನ ದನಿ ಕೇಳಿಸಿತು.

"ಏನಮ್ಮಿ, ಎದ್ದು ಕೈ ತೊಳ್ಕ. ಪಂಡಿತ್ರನ್ನ ಕರ್ಕ ಬಂದಿವ್ನಿ."

ದೊಡ್ಡಬೀರಯ್ಯ ಕೊಣನೂರು ಸಂತೆಗೆ ಹೋದವನು ಪೊರೆ ತೆಗೆಯುವ ಪಂಡಿತನನ್ನು ಹಿಡಿದುಕೊಂಡೇ ಬಂದಿದ್ದ. ಪಕ್ಕದ ಮನೆಯ ಬೋರಪ್ಪ ದಾರಿಯುದ್ದಕ್ಕೂ ಹೊಗಳಿಕೊಂಡು ಬಂದಿದ್ದ. ಅವನ ತಾಯಿಯ ಕಣ್ಣಿಂದ ಇದೇ ಪಂಡಿತ ಪೊರೆ ತೆಗೆದು ತೋರಿಸಿದ್ದ. ತೆಗೆದದ್ದನ್ನು ಊರೇ ನೋಡಿತ್ತು. ಮುದುಕಿಗೆ ಮಾತ್ರ ಕಣ್ಣು ಬರಲಿಲ್ಲ. ಪಥ್ಯ ಕೆಟ್ಟಿತು ಅಂದಿದ್ದ ಪಂಡಿತ.

ಅವನು ಬೈರಮ್ಮನ ಗದ್ದ ಹಿಡಿದೆತ್ತಿ, ರೆಪ್ಪೆ ಬಿಡಿಸಿ ನೋಡಿದ. "ಚೆನ್ನಾಗಿ ಮಾಗದೆ. ನೋಡವ್ವ, ಆವು ಪೊರೆ ಬಿಡಾಕಿಲ್ವಾ? ಅಂಗೇ ಇದೂವೆ. ಗುಡ್ಡೆ ಮ್ಯಾಲೆ ತೆಳ್ಳುಗೆ ಕೂತ್ಕಂಡದೆ. ನನ್ನ ಉಗುರಿಗೆ ಸಿಕ್ರೆ ಸಾಕು, ಸರ್ರ್ ಅಂತ ಸುಲ್ಕಂಡು ಬತ್ತದೆ."

"ಮ್ಯಾಲೆ ಕೂತದಾ?" ಅಂದಳು ಬೈರಮ್ಮ.

"ಇನ್ನೆಲ್ಲಿ ಕೂತಾತು? ಅದುಕ್ಕೇ ಅಲ್ವಾ ಪೊರೆ ಅನ್ನಾದು?"

ಬೈರಮ್ಮನಿಗೆ ಆ ಮಾತು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗಾಯಿತು. ಕಣ್ಣಿನ ಮೇಲೆ ಬೆಳ್ಳಗೆ ಕೂರುವುದೇನು ಅನ್ನುವುದು ಕುರಿ ಮೇಯಿಸಿದ ಮನೆಯವಳಿಗೆ ಗೊತ್ತಿಲ್ಲವೇ? ಅದಕ್ಕೆ ಹೂ ಅನ್ನುತ್ತಾರೆ. ಮುಳ್ಳು ಚುಚ್ಚಿ ಕಣ್ಣಿಗೆ ಹೂ ಕೂತ ಕುರಿ ನೀರು ಸುರಿಸುತ್ತದೆ, ಕಣ್ಣು ಬಿಡಲಾರದೆ ಒದ್ದಾಡುತ್ತದೆ. ತನ್ನ ಕಣ್ಣಲ್ಲಿ ನೀರಿಲ್ಲ, ನೋವಿಲ್ಲ. ಅವಳು ರೆಪ್ಪೆ ಮುಚ್ಚಿ ಬೆರಳಾಡಿಸಿದಳು. ಗುಡ್ಡೆ ನುಣ್ಣಗಿತ್ತು. ಜೊತೆಗೆ, ಪಂಡಿತ ಬಗ್ಗಿದಾಗ ಅವನ ಬೆರಳಿಂದ ಏನೋ ಒಂದು ವಾಸನೆ, ಸುಟ್ಟ ಕೂದಲಿನ ಕಮಟಿನ ನಡುವೆಯೂ, ಮೂಗಿಗೆ ಹತ್ತಿತ್ತು.

"ಪಂಡಿತ್ರೇ, ನಂಗೆ ದಿಗಿಲಾಯ್ತದೆ. ಮೊದ್ಲು ಇದುರ್ದು ತಗುದು ತೋರುಸ್ಬುಡಿ," ಅಂತ ಎಲೆಯ ಮೇಲಿದ್ದ ಹಸಿಗಣ್ಣನ್ನು ಮುಂದೆ ಮಾಡಿದಳು. "ಈ ಕುರಿಗೂ ನನ್ನಂಗೇ ಪೊರೆ ಬಂದಿತ್ತು. ಗ್ವಾಡೆಗೆಲ್ಲ ಗುದ್ಕಂಡು ಓಡಾಡೋದು. ಅದುಕ್ಕೇ ಕುಯ್ದುದ್ದು."

ಪುಟ್ಟತಾಯಮ್ಮ "ಇಲ್ವಲ್ಲ ಅತ್ತೆ..." ಅಂತ ಬಾಯಿ ತೆರೆದಳು. ಬೈರಮ್ಮ ಅವಳ ಕಾಲು ಮೆಟ್ಟಿದಳು.

ಪಂಡಿತ ಎಲೆಯ ಕಡೆ ಬಗ್ಗಿ ನೋಡಿದ. ಸತ್ತ ಕುರಿಯ ಕಣ್ಣು. ಹೊಳಪು ಆರಿ ಮಂಕಾಗಿತ್ತು. ಜನ ಸೇರಿದ್ದರು. ಹಿಂದೆ ಸರಿಯುವ ಹಾಗಿರಲಿಲ್ಲ. "ಹೂಂ, ಅದೆ ಅದೆ. ಭಾರಿ ಪೊರೆ," ಅಂದ. ಏನೋ ಮಣಮಣ ಮಂತ್ರ ಹೇಳಿ, ಮಡಿಲ ಚೀಲಕ್ಕೆ ಕೈ ಹಾಕಿ ವಿಭೂತಿ ಹಚ್ಚಿಕೊಂಡು, ಹೆಬ್ಬೆರಳನ್ನು ಆ ಕಣ್ಣಿನ ಮೇಲೆ ಸರ್ರನೆ ಎಳೆದ. ಬೆರಳ ತುದಿಯಲ್ಲಿ ತೆಳ್ಳಗೆ, ಬೆಳ್ಳಗೆ, ಒದ್ದೆಯಾದ ಪೊರೆಯೊಂದು ತೂಗಾಡಿತು.

"ಆಹಾ!" ಅಂದ ಬೋರಪ್ಪ, ಕೈಮುಗಿದೇಬಿಟ್ಟ.

"ಒಸಿ ಕೊಡಿ ಇಲ್ಲಿ," ಅಂತ ಬೈರಮ್ಮ ಅದನ್ನು ಇಸಕೊಂಡು ಮೂಗಿನ ಹತ್ತಿರ ಹಿಡಿದಳು. ಆಮೇಲೆ ಸೊಸೆಯ ಕಡೆ ಚಾಚಿದಳು. "ಮೂಸವ್ವ."

"ಈರುಳ್ಳಿ!" ಅಂದಳು ಪುಟ್ಟತಾಯಮ್ಮ. "ಅತ್ತೆಮ್ಮ, ಈರುಳ್ಳಿ ಒಳಗ್ಲ ಪೊರೆ ಇದು!"

"ಆ ಕುರಿಗೆ ಏನೂ ಆಗಿರ್ನಿಲ್ಲ ಪಂಡಿತ್ರೇ," ಅಂದಳು ಬೈರಮ್ಮ ನಿಧಾನವಾಗಿ. "ನೆನ್ನೆ ಬೈಗಿನಾಗೆ ಬೇಲಿ ಆರಿ ಬೋರಪ್ಪನ ಅವರೆ ವಲಕ್ಕೆ ನುಗ್ಗಿ, ಬಲ್ತದ್ದು ಬುಟ್ಟು ಎಳೇ ಕಾಯೇ ಆರುಸ್ಕಂಡು ತಿಂದದೆ. ಅಂತಾ ಕಣ್ಣು ಅದುರ್ದು."

ಬೋರಪ್ಪ ಕೂಗಿದ: "ಅಂಗಾದ್ರೆ ನಮ್ಮ ಅವರೆ ತಿಂದುದ್ದು ನಿಮ್ ಕುರೀನಾ? ಬೆಳುಗ್ಗೆ ಊರ್ನೆಲ್ಲಾ ಬಯ್ಕಂಡ್ ಬಂದೆ ನಾನು!"

ಹಿತ್ತಿಲು ತುಂಬ ನಗು ಎದ್ದಿತು. ಆ ನಗುವಿನಲ್ಲಿ ಪಂಡಿತ ಯಾವ ಮಾಯದಲ್ಲಿ ಚೀಲ ಎತ್ತಿಕೊಂಡು ಹೋದನೋ, ಯಾರೂ ತಡೆಯಲೂ ಇಲ್ಲ.

ಬೈರಮ್ಮ ಮಾತ್ರ ನಗದೆ ಕೂತಿದ್ದಳು. ಪೊರೆ ಮೇಲಿಲ್ಲ ಅಂತಾದರೆ ಎಲ್ಲಿದೆ? ಅವಳು ಚೂರಿ ತೆಗೆದುಕೊಂಡು ಆ ಹಸಿಗಣ್ಣನ್ನು ಸೀಳಿದಳು. ನೀರು ಚಿಮ್ಮಿತು. ಒಳಗಿಂದ ಜಾರಿ ಬಂದ ಮಣಿಯನ್ನು ಅಂಗೈ ಮೇಲಿಟ್ಟುಕೊಂಡಳು.

"ಪುಟ್ಟತಾಯಿ, ಎಂಗದೆ ನೋಡು."

"ನೀರಿನ ಅನಿಯಂಗದೆ. ಅದ್ರೊಳ್ಗಿಂದ ನಿಮ್ಮಂಗೈ ಗೆರೆ ಕಾಣ್ತವೆ. ದಪ್ಪದಪ್ಪಗೆ ಕಾಣ್ತವೆ ಅತ್ತೆಮ್ಮ!"

"ಗಡಿಗೇಲಿ ಬೇಯ್ತಾ ಅದಲ್ಲ, ಆ ಕಣ್ಣೊಂದು ಸೌಟ್ನಾಗೆ ತತ್ತಾ."

ಬೆಂದ ಕಣ್ಣಿನ ಮಣಿ ಹೇಗಿರುತ್ತದೆಂದು ಕೇಳಬೇಕಾಗಿಯೇ ಇರಲಿಲ್ಲ. ತಲೆಮಾಂಸ ತಿಂದ ಮನೆಯ ಮಕ್ಕಳೆಲ್ಲ ಅದನ್ನು ಬಾಯಿಂದ ಉಗಿದು ಗೋಲಿಯಾಡಿದವರೇ. ಕಲ್ಲಿನ ಹಾಗೆ ಗಟ್ಟಿ, ಸುಣ್ಣದ ಹಾಗೆ ಬಿಳುಪು. ಆದರೂ ಸೊಸೆ ತಂದ ಕಣ್ಣಿನಿಂದ ಮಣಿ ಬಿಡಿಸಿ ಹಿಡಿದು ಕೇಳಿದಳು. "ಇದ್ರೊಳ್ಗಿಂದ ಏನಾರ ಕಂಡಾತಾ?"

"ಇದ್ರೊಳ್ಗೆ ಏನ್ ಕಾಣ್ತದೆ? ಸುಣ್ಣದ ಗುಂಡು."

"ಅದೇ ಕಣವ್ವ," ಅಂದಳು ಬೈರಮ್ಮ. ಒಂದೊಂದು ಅಂಗೈಯಲ್ಲಿ ಒಂದೊಂದು ಮಣಿ. "ನನ್ನ ಕಣ್ಣಿಗೆ ಏನೂ ಮುಚ್ಕಂಡಿಲ್ಲ. ನನ್ನ ಮಣಿ ಬೆಂದೋಗದೆ. ಇದ ತಗ್ಯೋರು ಯಾರಾರ ಅವ್ರಾ, ಅದ ನೋಡಿ."

ತೆಗೆಯುವವರು ಇದ್ದರು. ಕಾರ್ತಿಕದಲ್ಲಿ ಹೊಳೆನರಸೀಪುರದ ಶಾಲೆಯಲ್ಲಿ ಕಣ್ಣಿನ ಕ್ಯಾಂಪು ಮಾಡುತ್ತಾರೆಂದು, ಮೈಸೂರಿಂದ ಡಾಕ್ಟರು ಬರುತ್ತಾರೆಂದು ಟಮಟಮ ಹೊಡೆಸಿದ್ದರು. ಆದರೆ ಅಲ್ಲಿಗೆ ಹೋಗಲು ಊರಿಗೆ ಊರೇ ಹೆದರುತ್ತಿತ್ತು.

"ಕಣ್ಣುಗುಡ್ಡೇನೇ ಕಿತ್ತಾಕಿ ಆಡಿನ ಕಣ್ಣು ಕೂರುಸ್ತಾರಂತೆ," ಅಂದ ಬೋರಪ್ಪ. "ಆಮ್ಯಾಕೆ ಸೊಪ್ಪು ಕಂಡ್ರೆ ಬಾಯಾಕಬೇಕು ಅನ್ನುಸ್ತದಂತೆ."

"ಆಡಿಂದು ಯಾಕಪ್ಪ? ನಾವು ಕುರುಬ್ರು. ಕುರಿ ಕಣ್ಣೇ ಆಕಿ ಅಂತೀನಿ," ಅಂದಳು ಬೈರಮ್ಮ.

ದೊಡ್ಡಬೀರಯ್ಯ ನಗಲಿಲ್ಲ. ಪಂಡಿತನನ್ನು ಕರೆತಂದ ನಾಚಿಕೆ ಒಂದು ಕಡೆ, ಹೆಂಡತಿಯ ಮುಖದಲ್ಲಿ ಎರಡು ಗುಳಿ ಕಂಡಂಥ ಭಯ ಇನ್ನೊಂದು ಕಡೆ. ಆದರೂ ಕಾರ್ತಿಕ ಬರುತ್ತಲೇ ಬುತ್ತಿ ಕಟ್ಟಿಸಿ, ಸೊಸೆಯನ್ನೂ ಹೊರಡಿಸಿ, ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ಹೊಳೆನರಸೀಪುರಕ್ಕೆ ಕರೆತಂದ.

ಶಾಲೆಯ ಬೆಂಚುಗಳನ್ನೆಲ್ಲ ಹೊರಗೆ ಹಾಕಿ ಒಳಗೆ ಚಾಪೆ ಹಾಸಿದ್ದರು. ಡಾಕ್ಟರು ಹೆಂಗಸು. ದನಿ ಕೇಳಿದರೆ ಎಳೆಯ ವಯಸ್ಸು ಅನ್ನಿಸಿತು. ಬ್ಯಾಟರಿ ಬಿಟ್ಟು ಕಣ್ಣು ನೋಡಿ, "ಎರಡೂ ಕಡೆ ಪೊರೆ ಚೆನ್ನಾಗಿ ಬಲಿತಿದೆ ಅಮ್ಮ," ಅಂದಳು.

"ಮ್ಯಾಲದಾ, ಒಳಗದಾ?" ಅಂದಳು ಬೈರಮ್ಮ.

ಡಾಕ್ಟ್ರಮ್ಮನ ಕೈ ನಿಂತಿತು. "ಯಾಕಮ್ಮ ಕೇಳಿದ್ರಿ?"

ಬೈರಮ್ಮ ಕುರಿಗಣ್ಣಿನ ಕತೆ ಹೇಳಿದಳು. ಹಸಿ ಮಣಿ, ಬೆಂದ ಮಣಿ, ಈರುಳ್ಳಿ, ಎಲ್ಲ. ಡಾಕ್ಟ್ರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಸಾಲಿನಲ್ಲಿ ಕೂತಿದ್ದವರಿಗೆಲ್ಲ ಕೇಳುವ ಹಾಗೆ ಹೇಳತೊಡಗಿದಳು.

"ಇವರು ಹೇಳಿದ್ದು ಸರಿ. ಕಣ್ಣಿನ ಮುಂದುಗಡೆ ಗಾಜಿನಂಥ ಒಂದು ಪಟಲ ಇರತ್ತೆ, ಗಡಿಯಾರದ ಮೇಲಿನ ಗಾಜಿನ ಹಾಗೆ. ಅದರ ಹಿಂದೆ ಬಣ್ಣದ ಬಳೆ. ಆ ಬಳೆಯ ನಡುವೆ ಕಪ್ಪಗೆ ಕಾಣತ್ತಲ್ಲ, ಪಾಪೆ, ಅದೇನು ಹೇಳಿ?"

"ಕರೀ ಮಣಿ," ಅಂದರು ಯಾರೋ.

"ಅಲ್ಲ. ಅದು ಬರೀ ತೂತು. ಕತ್ತಲೆ ಕೋಣೆಯ ಕಿಂಡಿಯನ್ನ ಹೊರಗಿನಿಂದ ನೋಡಿದರೆ ಕಪ್ಪಗೆ ಕಾಣಲ್ವಾ, ಹಾಗೆ. ಬಿಸಿಲಲ್ಲಿ ಕಿರಿದಾಗತ್ತೆ, ಕತ್ತಲಲ್ಲಿ ಅಗಲ ಆಗತ್ತೆ. ಬೆಳಕು ಒಳಗೆ ಹೋಗೋದು ಅಲ್ಲಿಂದ. ಅದರ ಹಿಂದೆ ಈ ಅಮ್ಮ ಹೇಳಿದ ಮಣಿ. ಪುಸ್ತಕದಲ್ಲಿ ಮಸೂರ ಅಂತಾರೆ, ಮಸೂರ ಬೇಳೆಯ ಆಕಾರ. ಮೊಟ್ಟೆಯ ಲೋಳೆ ಬೆಂದರೆ ಬೆಳ್ಳಗಾಗಲ್ವಾ? ಇವರ ಮಣಿ ಬೆಂಕಿಯಲ್ಲಿ ಬೆಂದಿಲ್ಲ, ವಯಸ್ಸಿನಲ್ಲಿ ಬೆಂದಿದೆ."

ಆಮೇಲೆ ಮೇಜಿನ ಮೇಲಿಂದ ಒಂದು ಭೂತಗನ್ನಡಿ ಎತ್ತಿ, ಕಿಟಕಿಯ ಎದುರಿನ ಗೋಡೆಗೆ ಹತ್ತಿರ ಹಿಡಿದಳು.

"ಅಯ್ಯೋ ಅತ್ತೆಮ್ಮಾ!" ಅಂತ ಪುಟ್ಟತಾಯಮ್ಮ ಅವಳ ತೋಳು ಹಿಡಿದಳು. "ಗ್ವಾಡೆ ಮ್ಯಾಲೆ ಕಿಟ್ಕಿ ಬಂದ್ಬುಡ್ತು, ಪುಟಾಣಿ ಕಿಟ್ಕಿ! ಆಚೆಗಡೆ ಮರ ತಲೆಕೆಳಗೆ ನಿಂತದೆ. ಬಸ್ಸು ಮಕಾಡೆ ಓಯ್ತಾ ಅದೆ!"

"ಮಣಿ ಮಾಡೋದು ಇದನ್ನೇ," ಅಂದಳು ಡಾಕ್ಟ್ರಮ್ಮ. "ಕಣ್ಣಿನ ಹಿಂದಿನ ಗೋಡೆಗೆ ತೆಳ್ಳಗೆ ಒಂದು ಪರದೆ ಇದೆ. ಅದರ ಮೇಲೆ ಚಿತ್ರ ತಲೆಕೆಳಗಾಗೇ ಬೀಳತ್ತೆ. ಹಿಂದಿನ ನರ ಅದನ್ನ ಮೆದುಳಿಗೆ ಒಯ್ಯತ್ತೆ. ಮೆದುಳು ನೆಟ್ಟಗೆ ಮಾಡಿ ನೋಡತ್ತೆ."

"ಅಂಗಾದ್ರೆ ನಮ್ಮೆಜಮಾನ್ರು ಇಷ್ಟು ವರ್ಸಾನೂ ನನ್ ಕಣ್ಣಾಗೆ ತಲೆಕೆಳಗೇ ನಿಂತಿದ್ರಾ?" ಅಂದಳು ಬೈರಮ್ಮ. ಚಾಪೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡರು. ದೊಡ್ಡಬೀರಯ್ಯ ಪೇಟ ಸರಿಮಾಡಿಕೊಂಡ. ಅವನಿಗೆ ಕೇಳಬೇಕಾದ್ದು ಒಂದೇ ಇತ್ತು.

"ಅವ್ವಾ, ಆ ನರ... ಕುರಿ ಕಣ್ಣಿಗೂ ಅದೆ, ಇಂದುಗಡೆ ಬಿಳೀ ಅಗ್ಗದಂಗೆ. ಅದ ಕುಯ್ದು ತಿರ್ಗಾ ಅಂಟಿಸ್ಬೌದಾ?"

"ಯಾರ ಕೈಲೂ ಆಗಲ್ಲ."

"ಅಂಗಾದ್ರೆ ಆಡಿನ ಕಣ್ಣು ಕೂರ್ಸೋದು?"

"ಕೂರಿಸೋಕ್ಕೆ ಬರೋ ಹಾಗಿದ್ರೆ ತಾನೆ? ಗುಡ್ಡೆ ಇದ್ದಲ್ಲೇ ಇರತ್ತೆ. ಮುಂದಿನಿಂದ ಬಿಡಿಸಿ ಮಣಿ ಒಂದನ್ನ ತೆಗೀತೀನಿ. ಆ ಮಣಿಯ ಕೆಲಸವನ್ನ ಕನ್ನಡಕ ಮಾಡತ್ತೆ."

ದೊಡ್ಡಬೀರಯ್ಯ ಉದ್ದಕ್ಕೆ ಉಸಿರು ಬಿಟ್ಟ. "ಸರಿ ಬುಡಿ. ತಗೀರಿ," ಅಂದ, ತನ್ನದೇ ಕಣ್ಣು ಒಪ್ಪಿಸುವವನ ಹಾಗೆ.

ಮೊದಲು ಬಲಗಣ್ಣು. ಹನಿ ಬಿಟ್ಟರು, ಸೂಜಿ ಚುಚ್ಚಿದರು, ಕಣ್ಣು ಮರದ ಹಾಗಾಯಿತು. ಕತ್ತರಿಯ ಕಿಚಕಿಚ ಸದ್ದು ಎಲ್ಲಿಂದಲೋ ಕೇಳಿಸಿತು. ಬೈರಮ್ಮ ಮನೆದೇವರನ್ನು ನೆನೆಯಲಿಲ್ಲ. ಅಕ್ಕನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ತೀಡಿದಳು. "ಬಂತು," ಅಂದಳು ಡಾಕ್ಟ್ರಮ್ಮ. ಹೊರಗೆ ಕಾಯುತ್ತಿದ್ದ ಪುಟ್ಟತಾಯಮ್ಮನಿಗೆ ಬಟ್ಟಲು ತೋರಿಸಿದರು. ಅದರಲ್ಲಿ ಬೆಳ್ಳಗೆ, ಅಂಚಿಗೆ ಜೇನಿನ ಬಣ್ಣ ತಿರುಗಿದ ಒಂದು ಮಣಿ, ಕುರಿಯದಕ್ಕಿಂತ ಚಿಕ್ಕದು.

ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಆಚೆ ಈಚೆ ಮರಳ ಚೀಲ ಇಟ್ಟು, ಅಲ್ಲಾಡಬೇಡಿ ಅಂದರು. ಕೆಮ್ಮಕೂಡದು, ಸೀನಕೂಡದು, ಅಳಕೂಡದು, ಹೊಲಿಗೆ ಬಿಟ್ಟೀತು. ದೊಡ್ಡಬೀರಯ್ಯ ಪಕ್ಕದಲ್ಲಿ ಕೂತು ನಶ್ಯದ ಡಬ್ಬಿ ತೆರೆದದ್ದೇ ತಡ, ನರ್ಸಮ್ಮ ಅವನನ್ನೂ ಡಬ್ಬಿಯನ್ನೂ ಹೊರಗೆ ಅಟ್ಟಿದಳು. ಆ ಕತ್ತಲಲ್ಲಿ ಬೈರಮ್ಮನಿಗೆ ಮೊದಲ ಸಲ ನಿಜಕ್ಕೂ ದಿಗಿಲಾಯಿತು. ಮೊದಲಿದ್ದ ಮಜ್ಜಿಗೆ ಬೆಳಕೂ ಹೋದರೆ? ಇದೂ ಆಗಲಿಲ್ಲ ಅಂತಾದರೆ ಅಕ್ಕನಿಗೆ ಯಾವ ಬಾಯಲ್ಲಿ ಹೇಳುವುದು?

ಪಟ್ಟಿ ಬಿಚ್ಚಿದ ಬೆಳಿಗ್ಗೆ ಮೊದಲು ಬಂದದ್ದು ಆಕಾರವಲ್ಲ, ಬಣ್ಣ. ಎದುರಿಗೆ ಏನೋ ಒಂದು ನೀಲಿ, ಬಾಚಿ ಎಸೆದ ಹಾಗೆ, ಕಣ್ಣು ತುಂಬ ಹರಡಿತು.

"ಪುಟ್ಟತಾಯಿ, ನೀನು ಉಟ್ಟಿರೋದು ನೀಲೀನಾ? ಮಣ್ಣು ಬಣ್ಣ ಅಂದ್ಕಂಡಿದ್ನಲ್ಲೇ, ಮೂರು ವರ್ಸದಿಂದ!"

ಪುಟ್ಟತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳಬಾರದು ಅಂತ ಹೇಳಿದ್ದು ರೋಗಿಗೆ, ಅವಳಿಗಲ್ಲವಲ್ಲ.

ಗಾಯ ಮಾಗಿದ ಮೇಲೆ ಕನ್ನಡಕ ಕೊಟ್ಟರು, ಸೋಡಾ ಬಾಟ್ಲಿಯ ತಳದಂಥ ಗಾಜು. ಹಾಕಿಕೊಂಡು ತಲೆಯೆತ್ತಿದ ಬೈರಮ್ಮನ ಎದುರಿಗೆ ಗಂಡನ ಮುಖ ಅಷ್ಟಗಲ ನಿಂತಿತ್ತು. ಒಂದೊಂದು ಸುಕ್ಕೂ, ಮೂಗಿನ ಕೆಳಗಿನ ನಶ್ಯದ ಕರೆಯೂ.

"ಅಯ್ ಶಿವನೇ! ಇಷ್ಟು ಮುದ್ಕ ಆಗ್ಬುಟ್ಟಿದ್ದೀರಾ!"

"ನಿನ್ ಮೊಕ ಕನ್ನಡೀಲಿ ನೋಡ್ಕ ಓಗು. ಆಮ್ಯಾಕೆ ಮಾತಾಡೀವಂತೆ," ಅಂದ ದೊಡ್ಡಬೀರಯ್ಯ. ಅವನ ಕಣ್ಣೂ ಒದ್ದೆ.

ಲೋಕ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತಿತ್ತು. ಚೊಂಬಿಗೆ ಕೈ ಹಾಕಿದರೆ ಚೊಂಬು ಇನ್ನೂ ಅತ್ತ ಇರುತ್ತಿತ್ತು. ಹೊಸಿಲು ದಾಟಲು ಮೊಣಕಾಲೆತ್ತರ ಕಾಲೆತ್ತುತ್ತಿದ್ದಳು. ಬೋರಪ್ಪ "ಕೋಳಿ ನಡ್ದಂಗೆ ನಡೀತೀಯಲ್ಲಕ್ಕ" ಅಂದದ್ದಕ್ಕೆ, "ನಿಮ್ಮವ್ವನ್ನ ಮುಂದ್ಲ ಕ್ಯಾಂಪಿಗೆ ಕಳ್ಸು, ಅವಳೂ ನಡೀಲಿ" ಅಂದಳು. ಬೋರಪ್ಪ ಹಲ್ಲು ಕಿರಿದು, ಯಾವ ತಿಂಗಳು ಕ್ಯಾಂಪು ಅಂತ ಕೇಳಿಕೊಂಡು ಹೋದ.

ಕೈ ಕಣ್ಣು ಹೊಂದಿಕೊಂಡ ಮೇಲೆ, ಒಂದು ಮಧ್ಯಾಹ್ನ, ಬೈರಮ್ಮ ಜಗಲಿಯ ಮೇಲೆ ಕಾಗದ ಹರಡಿಕೊಂಡು ಕೂತಳು. ಅಕ್ಷರ ಮೊದಲು ಇರುವೆ ಸಾಲಿನ ಹಾಗೆ ಹರಿದಾಡಿದವು. ನಿಧಾನವಾಗಿ ಹಿಡಿತಕ್ಕೆ ಬಂದವು. ಪುಟ್ಟತಾಯಮ್ಮ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಅಕ್ಕ ಮರಿಯಮ್ಮಗೆ ಬೈರಿ ಮಾಡುವ ನಮಸ್ಕಾರ. ಬಲಗಣ್ಣು ಬಂತು. ಎಡಗಣ್ಣು ಬರೊ ವರ್ಸ. ಇದ ನಾನೆ ಬರಿತಾ ಇದಿನಿ. ಪೊರೆ ಮ್ಯಾಲಿಲ್ಲ ಅಕ್ಕ ಒಳಗೆ ಅದೆ. ಬೆಂದ ಕುರಿಕಣ್ಣಲಿ ಗುಂಡು ಇರತದಲ್ಲ ಅದು. ಪಂಡಿತರ ತಾವು ಓಗಬ್ಯಾಡ. ಆಸ್ಪತ್ರೆಗೆ ಓಗು. ಎದರಬ್ಯಾಡ. ಆಡಿನ ಕಣ್ಣು ಆಕಾಕಿಲ್ಲ."

"ಅತ್ತೆಮ್ಮಾ, ‘ಓಗು’ ಅಲ್ಲ, ‘ಹೋಗು’. ‘ಎದರಬ್ಯಾಡ’ ಅಲ್ಲ, ‘ಹೆದರಬೇಡ’. ಬರ್ಯೋವಾಗ ಹ ಬರ್ಬೇಕು. ತಿದ್ದಿಕೊಡ್ಲಾ?"

"ಮುಟ್ಬ್ಯಾಡ," ಅಂದಳು ಬೈರಮ್ಮ. "ನಮ್ಮಕ್ಕ ಇದ ಓದೋಳಲ್ಲ, ಕೇಳೋಳು. ಬಸವರಾಜು ಬರ್ದಿದ್ದಂಗೇ ಓದ್ತಾನೆ. ‘ಹೋಗು’ ಅಂದ್ರೆ ಯಾರೋ ಮೇಷ್ಟ್ರು ಅಂದಂಗಾಯ್ತದೆ. ‘ಓಗು’ ಅಂದ್ರೆ ನಾನು."

ಪುಟ್ಟತಾಯಮ್ಮ ಕೈ ಹಿಂದೆ ತೆಗೆದುಕೊಂಡಳು.

ಕೊಣನೂರಿಗೆ ಒಬ್ಬಳೇ ಹೋಗುತ್ತೇನೆಂದು ಬೈರಮ್ಮ ಹಟ ಹಿಡಿದಳು. ದಾರಿಯಲ್ಲಿ ರಾಗಿ ಹೊಲದ ತೆನೆ ತೆನೆಯೂ ಬೇರೆ ಬೇರೆಯಾಗಿ ನಿಂತಿತ್ತು. ಎದುರು ಬಂದವರನ್ನು ಕೆಮ್ಮುವ ಮೊದಲೇ ಹೆಸರು ಹಿಡಿದು ಮಾತಾಡಿಸಿದಳು. ಅಂಚೆ ಮನೆಯ ಗೋಡೆಗೆ ತೂಗುಹಾಕಿದ್ದ ಡಬ್ಬಿ ಎಂಥ ಕೆಂಪು! ಬಾಯಿ ಎಲ್ಲಿದೆ ಅಂತ ಯಾರನ್ನೂ ಕೇಳಲಿಲ್ಲ. ಗಾಜು ಮಾಡುವ ಮೋಸಕ್ಕೆ ಈಗ ಅವಳ ಕೈ ಪಳಗಿತ್ತು. ಕಂಡದ್ದಕ್ಕಿಂತ ಒಂದು ಗೇಣು ಮುಂದಕ್ಕೆ ಕೈ ಚಾಚಿ, ವಿಳಾಸದಲ್ಲಿ ಬರೆದಿದ್ದ ಮರಿಯಮ್ಮನ ಹೆಸರನ್ನು ಇನ್ನೊಂದು ಸಲ ತಾನೇ ಓದಿಕೊಂಡು, ಕಾಗದವನ್ನು ಒಳಕ್ಕೆ ಬಿಟ್ಟಳು.